ಮಾಗಿಯ ಮಂಜಿನಲ್ಲಿ ನಾಲ್ಕು ಊರುಗಳ ದಾರಿ

ಹಾಸನವನ್ನು ಬಡವರ ಊಟಿ ಎಂದು ಕರೆಯುವುದು ರೂಢಿ. ಸಮುದ್ರಮಟ್ಟಕ್ಕಿಂತ ಮೂರು ಸಾವಿರ ಅಡಿಗೂ ಮಿಗಿಲಾದ ಎತ್ತರ, ಪಶ್ಚಿಮಕ್ಕೆ ಸಹ್ಯಾದ್ರಿಯ ಸಾಲು, ಪೂರ್ವಕ್ಕೆ ತೆಂಗು ರಾಗಿಗಳ ಬಯಲು, ನಡುವೆ ಹರಿಯುವ ಹೇಮಾವತಿ, ಇವೆಲ್ಲವೂ ಕೂಡಿ ಈ ನೆಲಕ್ಕೆ ಒಂದು ತಂಪನ್ನು ಕೊಟ್ಟಿವೆ. ಬೇಸಗೆಯಲ್ಲಿ ಬಂದ ಅತಿಥಿಗಳು ಈ ತಂಪನ್ನು ಹೊಗಳಿ ಹೋಗುತ್ತಾರೆ. ಆದರೆ ಕಾರ್ತಿಕ ಕಳೆದು ಮಾರ್ಗಶಿರ ಕಾಲಿಟ್ಟ ಮೇಲೆ, ಎಂದರೆ ನವೆಂಬರಿನ ಕೊನೆಯಿಂದ ಶಿವರಾತ್ರಿಯವರೆಗೆ, ಇಲ್ಲಿಯ ರಸ್ತೆಗಳಲ್ಲಿ ಬೆಳಗಿನ ಜಾವ ಸಂಚರಿಸಿದವರಿಗೆ ಅದೇ ತಂಪಿನ ಇನ್ನೊಂದು ಮುಖವೂ ಪರಿಚಿತ. ಕೆರೆಯಂಗಳದಿಂದ, ನಾಲೆಯ ಏರಿಯಿಂದ, ಗದ್ದೆಬಯಲಿನಿಂದ ಮೇಲೆದ್ದ ಮಂಜು ರಸ್ತೆಯನ್ನು ಅಳಿಸಿಬಿಡುತ್ತದೆ. ಮುಂದೆ ಹೋಗುವ ಬಂಡಿ ಕಾಣದು, ಎದುರಿಗೆ ಬರುವ ಬಸ್ಸು ಕಾಣದು, ಕೆಲವೊಮ್ಮೆ ತನ್ನ ಗಾಡಿಯ ಮೂತಿಯೇ ಕಾಣದು.

ಪ್ರವಚನ, ಪುರಾಣ, ಗೃಹಪ್ರವೇಶ, ಗಣಾರಾಧನೆಗಳ ನಿಮಿತ್ತವಾಗಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ಊರುಗಳ ನಡುವೆ ನಾಲ್ಕು ದಶಕಗಳಿಂದ ಓಡಾಡುತ್ತ ಬಂದವನು ನಾನು. ಮೊದಲು ಬಸ್ಸಿನಲ್ಲಿ, ಆಮೇಲೆ ಮಠದ ಜೀಪಿನಲ್ಲಿ, ಈಗ ಭಕ್ತರು ಕಳುಹಿಸುವ ಕಾರುಗಳಲ್ಲಿ. ವಾಹನ ನಡೆಸುವ ವಿದ್ಯೆ ನನ್ನದಲ್ಲ. ಆದರೆ ನಡೆಸುವವನ ಪಕ್ಕದಲ್ಲಿ ಕುಳಿತವನಿಗೆ ಕಣ್ಣು, ಕಿವಿ, ಕಾಲ ಮೂರೂ ಬಿಡುವಾಗಿರುತ್ತವೆ. ನಮ್ಮ ಮನೆಮನೆಗಳ ಅಂಗಳದಲ್ಲಿ ಈಗ ಒಂದೊಂದು ಕಾರು ನಿಂತಿದೆ. ಎತ್ತಿಗೆ ಹುಲ್ಲು ನೀರು ಕಾಣಿಸುವುದನ್ನು ಬಲ್ಲ ಮನೆತನಗಳು ಈ ಹೊಸ ಪ್ರಾಣಿಯ ಚಳಿಗಾಲದ ಸ್ವಭಾವವನ್ನೂ ಅದರ ವಿಮೆಯ ಕಾಗದವನ್ನೂ ಅಷ್ಟೇ ಬಲ್ಲವೇ ಎಂಬ ಸಂಶಯ ಈ ಪ್ರವಾಸಗಳಲ್ಲಿ ಮತ್ತೆ ಮತ್ತೆ ಮೂಡಿದ್ದುಂಟು.

ಹಾಸನದಿಂದ ಪೂರ್ವಕ್ಕೆ ಹೊರಟರೆ ಶಾಂತಿಗ್ರಾಮವನ್ನು ದಾಟಿ ಚನ್ನರಾಯಪಟ್ಟಣ. ಬೆಂಗಳೂರು ಮಂಗಳೂರುಗಳನ್ನು ಕೂಡಿಸುವ 75ನೆಯ ರಾಷ್ಟ್ರೀಯ ಹೆದ್ದಾರಿ ಇದು. ನಾಲ್ಕು ಪಥ, ನಡುವೆ ವಿಭಜಕ, ನುಣುಪಾದ ಹಾಸು. ಡಿಸೆಂಬರು ಬಂದಿತೆಂದರೆ ಶ್ರವಣಬೆಳಗೊಳಕ್ಕೆ, ಬೇಲೂರು ಹಳೇಬೀಡುಗಳಿಗೆ ಮಕ್ಕಳನ್ನು ಹೊತ್ತ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ. ಅವುಗಳ ಜೊತೆಗೆ ಬಂದರಿಗೆ ಹೋಗಿ ಬರುವ ಲಾರಿ ಟ್ಯಾಂಕರುಗಳು, ಅಯ್ಯಪ್ಪ ವ್ರತಧಾರಿಗಳ ವ್ಯಾನುಗಳು. ಈ ದಾರಿಯ ಅಪಾಯವೆಂದರೆ ಅದರ ಸೊಗಸೇ. ರಸ್ತೆ ಒಳ್ಳೆಯದಾದುದರಿಂದ ಮಂಜಿನಲ್ಲಿಯೂ ವೇಗ ತಗ್ಗುವುದಿಲ್ಲ. ದಿಣ್ಣೆಯ ಮೇಲೆ ಮಂಜು ತೆಳುವಾಗಿರುತ್ತದೆ, ಚಾಲಕನಿಗೆ ಧೈರ್ಯ ಬರುತ್ತದೆ. ಕೆರೆಯ ಕೆಳಗಿನ ತಗ್ಗಿಗೆ ಇಳಿದೊಡನೆ ಹತ್ತಿಯ ರಾಶಿಯೊಳಗೆ ಹೊಕ್ಕಂತೆ ಆಗುತ್ತದೆ.

ಲೆಕ್ಕ ಮಾಡಿ ನೋಡಬೇಕಾದ ಮಾತಿದು. ಗಂಟೆಗೆ 60 ಕಿಲೋಮೀಟರು ಎಂದರೆ ಸೆಕೆಂಡಿಗೆ 16 ಮೀಟರಿಗೂ ಹೆಚ್ಚು. ಮಂಜಿನಲ್ಲಿ 30 ಮೀಟರು ಮಾತ್ರ ಕಾಣುತ್ತಿದ್ದರೆ, ಕಂಡ ವಸ್ತುವನ್ನು ಮುಟ್ಟಲು ಎರಡು ಸೆಕೆಂಡು ಸಾಕು. ಕಣ್ಣು ಕಂಡುದನ್ನು ಮನಸ್ಸು ತಿಳಿದು, ಕಾಲು ಬ್ರೇಕಿನ ಮೇಲೆ ಊರುವಷ್ಟರಲ್ಲಿಯೇ ಒಂದು ಸೆಕೆಂಡು ಕಳೆದಿರುತ್ತದೆ. ಚಿಕ್ಕಬಳ್ಳಾಪುರದ ಬಳಿ 2023ರ ಅಕ್ಟೋಬರ್ 26ರ ಮುಂಜಾನೆ, ಮಂಜು ಕವಿದಿದ್ದ ಹೆದ್ದಾರಿಯಲ್ಲಿ ನಿಂತಿದ್ದ ಟ್ಯಾಂಕರಿಗೆ ಹಿಂದಿನಿಂದ ಟಾಟಾ ಸುಮೊ ಒಂದು ಅಪ್ಪಳಿಸಿ 13 ಜನ ಪ್ರಾಣ ಕಳೆದುಕೊಂಡರು. ನಿಂತ ವಾಹನ ಮತ್ತು ಮಂಜು, ಈ ಎರಡೂ ಕೂಡಿದ ಕಡೆ ಮೃತ್ಯು ಎಷ್ಟು ಸಲೀಸಾಗಿ ಬರುತ್ತದೆ ಎಂಬುದಕ್ಕೆ ಅದಕ್ಕಿಂತ ಘೋರವಾದ ಸಾಕ್ಷಿ ಬೇಕಿಲ್ಲ.

ಈ ಹಾದಿಯಲ್ಲಿ ಮೂವತ್ತು ವರ್ಷ ವಾಹನ ನಡೆಸಿದ ಒಬ್ಬ ವೃದ್ಧ ಚಾಲಕರಿದ್ದರು. ಒಂದು ಮುಂಜಾನೆ ಮಂಜು ದಟ್ಟವಾದಾಗ, ದೊಡ್ಡ ದೀಪ ಹಾಕಬಾರದೆ ಎಂದು ನಾನು ಕೇಳಿದೆ. "ಹಾಕಬಾರದು ಬುದ್ಧಿ. ದೊಡ್ಡ ಲೈಟು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ವಾಪಸ್ಸು ಬರ್ತದೆ. ಡಿಮ್ ಇಟ್ಕೊಂಡು ಎಡಗಡೆ ಬಿಳಿ ಗೆರೆ ಹಿಡ್ಕೊಂಡು ಹೋಗೋದೇ ಸರಿ" ಎಂದರು. ಅವರ ಮಾತಿನಲ್ಲಿ ಶಾಸ್ತ್ರವೆಲ್ಲ ಅಡಗಿತ್ತು. ಮೇಲ್ಮುಖದ ಬೆಳಕು ಮಂಜಿನ ಹನಿಗಳಿಗೆ ತಾಗಿ ಚೆದುರಿ ಬಿಳಿಯ ಗೋಡೆಯಾಗುತ್ತದೆ. ಕೆಳಮುಖದ ಬೆಳಕು ನೆಲವನ್ನು ತೋರಿಸುತ್ತದೆ. ನಡುಗೆರೆಯನ್ನು ಹಿಡಿದು ಹೋದರೆ, ಎದುರಿನವನೂ ಅದನ್ನೇ ಹಿಡಿದು ಬರುತ್ತಿರುತ್ತಾನೆ. ಗಾಜಿನ ಒಳಗೆ ಉಸಿರಿನ ಹಬೆ ಕಟ್ಟಿದಾಗ ಬಟ್ಟೆಯಿಂದ ಒರೆಸುತ್ತ ಓಡಿಸುವ ಅಭ್ಯಾಸ ಹಲವರಿಗಿದೆ. ಚಳಿಯೆಂದು ಹಿಂಜರಿಯದೆ ಏರ್ ಕಂಡಿಷನರ್ ಹಾಕಿ ಅದರ ಗಾಳಿಯನ್ನು ಮುಂದಿನ ಗಾಜಿನತ್ತ ತಿರುಗಿಸಿದರೆ ಹಬೆ ತಾನೇ ಹೋಗುತ್ತದೆ. ಅವರು ಕಿಟಕಿಯನ್ನು ನಾಲ್ಕು ಬೆರಳು ಇಳಿಸಿಕೊಂಡೇ ಹೋಗುತ್ತಿದ್ದರು. ಕಣ್ಣು ಸೋತಲ್ಲಿ ಕಿವಿ ಕೆಲಸ ಮಾಡಬೇಕೆಂಬುದು ಅವರ ಮತ. ನಾಲ್ಕೂ ಮೂಲೆಯ ದೀಪಗಳನ್ನು ಮಿಣುಕಿಸುತ್ತ ಓಡಿಸುವ ಈಗಿನ ಚಾಲಿ ಅವರಿಗೆ ಹಿಡಿಸುತ್ತಿರಲಿಲ್ಲ. ಆ ದೀಪ ನಿಂತ ಗಾಡಿಯ ಗುರುತು, ಓಡುವ ಗಾಡಿಯಲ್ಲಿ ಹಾಕಿದರೆ ತಿರುವಿನ ಸನ್ನೆಯೂ ತಿಳಿಯದು ಎನ್ನುತ್ತಿದ್ದರು. ಅದೂ ಸರಿಯಾದ ಮಾತೇ.

ಗಾಡಿ ಕೆಟ್ಟು ನಿಂತರೆ ಏನು ಮಾಡಬೇಕು? ಉರುಳುವ ಶಕ್ತಿ ಇರುವವರೆಗೂ ಅದನ್ನು ಡಾಂಬರಿನಿಂದ ಆಚೆಗೆ, ಎಡದ ಮಣ್ಣಿನ ಮೇಲಕ್ಕೆ ಇಳಿಸಬೇಕು. ಮಿಣುಕು ದೀಪ ಹಾಕಬೇಕು. ಒಳಗಿದ್ದ ಹೆಂಗಸರು, ಮಕ್ಕಳು, ಮುದುಕರೆಲ್ಲರೂ ಎಡಬಾಗಿಲಿನಿಂದ ಇಳಿದು ರಸ್ತೆಯಿಂದ ದೂರ ನಿಲ್ಲಬೇಕು. ಚಳಿಯೆಂದು ಒಳಗೇ ಶಾಲು ಹೊದ್ದು ಕುಳಿತಿರುವುದು ಅತ್ಯಂತ ಅಪಾಯಕರ. ಕಾರಿನ ಜೊತೆ ಬರುವ ಕೆಂಪು ತ್ರಿಕೋನ ಫಲಕವನ್ನು ಬಹುಮಂದಿ ಡಿಕ್ಕಿಯಲ್ಲಿ ಪ್ಲಾಸ್ಟಿಕ್ ಚೀಲ ಸಮೇತ ಕಾಪಾಡಿಕೊಂಡು ಬಂದಿರುತ್ತಾರೆ. ಅದನ್ನು ಹೊರತೆಗೆದು, ಗಾಡಿಯ ಹಿಂದೆ ಐವತ್ತು ಹೆಜ್ಜೆಗೂ ಹೆಚ್ಚು ದೂರದಲ್ಲಿ ನಿಲ್ಲಿಸಬೇಕಾದುದು ಆ ಹೊತ್ತಿನಲ್ಲಿಯೇ. ಫಲಕವಿಲ್ಲದವರು ಲಕ್ಕಿಸೊಪ್ಪಿನ ಕೊಂಬೆ ಮುರಿದು ಹಾಕುವುದು, ಕಲ್ಲು ಜೋಡಿಸುವುದು ನಮ್ಮ ಕಡೆಯ ಹಳೆಯ ಪದ್ಧತಿ. ಪದ್ಧತಿಯಲ್ಲಿ ದೋಷವಿಲ್ಲ. ಆದರೆ ಗಾಡಿ ರಿಪೇರಿಯಾದ ಮೇಲೆ ಕಲ್ಲುಗಳನ್ನು ಅಲ್ಲಿಯೇ ಬಿಟ್ಟು ಹೊರಟುಹೋಗುವವರನ್ನು ಕಂಡಾಗ ನನ್ನ ಮನಸ್ಸು ಕುದಿಯುತ್ತದೆ. ತನ್ನ ಗಾಡಿಯನ್ನು ಉಳಿಸಿದ ಕಲ್ಲು, ಅದೇ ರಾತ್ರಿ ಹಾಲಿನ ಡೇರಿಯಿಂದ ಬೈಕಿನಲ್ಲಿ ಬರುವ ಬಡ ಹುಡುಗನೊಬ್ಬನನ್ನು ಕೆಡಹುತ್ತದೆಂಬ ಅರಿವು ಬೇಡವೆ?

ಹೊಳೆನರಸೀಪುರದ ದಾರಿಯ ಸ್ವರೂಪ ಬೇರೆ. ಹಾಸನದಿಂದ ಮೈಸೂರಿನತ್ತ ಹೋಗುವ ಈ ರಸ್ತೆ ಊರೂರುಗಳ ನಡುವೆಯೇ ಹಾದು ಹೋಗುತ್ತದೆ. ಹೊಳೆಯ ಹೆಸರನ್ನೇ ಹೊತ್ತ ಆ ಪಟ್ಟಣ ಹೇಮಾವತಿಯ ದಂಡೆಯ ಮೇಲಿದೆ. ಮೇಲ್ಗಡೆ ಗೊರೂರಿನಲ್ಲಿ 1979ರಲ್ಲಿ ಮುಗಿದ ಅಣೆಕಟ್ಟು 37 ಟಿ.ಎಂ.ಸಿ. ನೀರನ್ನು ಹಿಡಿದಿಡಬಲ್ಲುದು. ಆ ನೀರು ನಾಲೆಗಳಲ್ಲಿ ಹರಿದು ಭತ್ತ ಕಬ್ಬುಗಳನ್ನು ತಂದಿತು. ಜೊತೆಗೆ ನಾಲೆಯ ಏರಿಯ ಮೇಲಿನ ರಸ್ತೆಗಳನ್ನೂ ತಂದಿತು. ತಡೆಗೋಡೆಯಿಲ್ಲದ ನಾಲೆ, ಪಕ್ಕದಲ್ಲಿ ಕಿರಿದಾದ ದಾರಿ, ಮೇಲೆ ಮಂಜು. ಮಂಡ್ಯ ಜಿಲ್ಲೆಯ ಕನಗನಮರಡಿಯ ಬಳಿ 2018ರ ನವೆಂಬರ್ 24ರಂದು ಹಾಡುಹಗಲಿನಲ್ಲಿಯೇ ವಿಶ್ವೇಶ್ವರಯ್ಯ ನಾಲೆಗೆ ಬಸ್ಸು ಉರುಳಿ 30 ಜನ ಜಲಸಮಾಧಿಯಾದರು. ಹಗಲಿನಲ್ಲಿಯೇ ಹಾಗಾದರೆ ಮಂಜಿನ ಮಾತೇನು! ಹತ್ತು ನಿಮಿಷ ಉಳಿಸುವ ಆಸೆಯಿಂದ ನಾಲೆ ದಾರಿ ಹಿಡಿಯುವ ಗೆಳೆಯರಿಗೆ, ಮುಂಜಾನೆಯ ಹೊತ್ತು ಆ ದಾರಿ ಬೇಡವೆಂದು ನಾನು ಯಾವಾಗಲೂ ಹೇಳುವುದುಂಟು.

ಕಬ್ಬಿನ ಗಾಡಿಗಳದು ಇನ್ನೊಂದು ಕಥೆ. ಚನ್ನರಾಯಪಟ್ಟಣದ ಸಕ್ಕರೆ ಕಾರ್ಖಾನೆಗೂ ಆಲೆಮನೆಗಳಿಗೂ ಕಬ್ಬು ಹೊತ್ತ ಟ್ರಾಕ್ಟರುಗಳು ರಾತ್ರಿಯೆಲ್ಲ ಸಂಚರಿಸುತ್ತವೆ. ಟ್ರೈಲರಿನ ಹಿಂದೆ ಎರಡು ಮಾರು ಚಾಚಿದ ಕಬ್ಬು ಹಿಂದೀಪವಿದ್ದರೂ ಅದನ್ನು ಮರೆಸಿರುತ್ತದೆ. ನಲವತ್ತು ಐವತ್ತು ರೂಪಾಯಿಯ ಕೆಂಪು ಪ್ರತಿಫಲಕದ ಪಟ್ಟಿಯೊಂದನ್ನು ಹೊರೆಯ ತುದಿಗೆ ಕಟ್ಟಿದರೆ ಒಂದು ಸಂಸಾರ ಉಳಿಯಬಹುದು. ಟ್ರಾಕ್ಟರಿರುವ ಮನೆಗಳು ನಮ್ಮಲ್ಲಿ ಕಡಿಮೆಯೇನಲ್ಲ.

ಈಗ ಅರಕಲಗೂಡಿಗೆ ಬರೋಣ. ಅತ್ತ ಮಲೆನಾಡೂ ಅಲ್ಲ, ಇತ್ತ ಬಯಲುಸೀಮೆಯೂ ಅಲ್ಲ ಎಂಬಂತಹ ಈ ತಾಲ್ಲೂಕಿನಲ್ಲಿ ರಾಗಿ, ಹುರುಳಿ, ಭತ್ತ, ಜೋಳ, ಹೊಗೆಸೊಪ್ಪು ಎಲ್ಲವೂ ಉಂಟು. ಪುಷ್ಯಮಾಸ ಬಂದಿತೆಂದರೆ ಒಕ್ಕಣೆಯ ಕಾಲ. ನಾನು ಬಾಲಕನಾಗಿದ್ದಾಗ ಒಕ್ಕಣೆಗೆ ಕಣವಿತ್ತು. ನೆಲವನ್ನು ಕೆತ್ತಿ, ನೀರು ಹಾಕಿ, ತುಳಿಸಿ, ಸಗಣಿ ಸಾರಿಸಿ, ನಡುವೆ ಮೇಟಿ ನೆಟ್ಟು, ಪೂಜೆ ಮಾಡಿದ ಮೇಲೆಯೇ ತೆನೆ ಹರಡುತ್ತಿದ್ದುದು. ಎತ್ತುಗಳು ರೋಣಗಲ್ಲನ್ನು ಎಳೆಯುತ್ತಿದ್ದವು. ಕಣದಿಂದ ರಾಶಿ ಮನೆಗೆ ಬರುವ ಮುನ್ನ ಬಂದವರಿಗೆಲ್ಲ ಒಂದೊಂದು ಮೊರ ಸಲ್ಲುತ್ತಿತ್ತು. ಈಗ ಎತ್ತಿಲ್ಲ, ಆಳಿಲ್ಲ, ಕಣ ಮಾಡುವಷ್ಟು ಬಿಡುವಿಲ್ಲ. ಸರ್ಕಾರ ಹಾಕಿಸಿದ ಡಾಂಬರು ರಸ್ತೆಯೇ ಕಣ. ಬಸ್ಸು ಲಾರಿ ಕಾರುಗಳೇ ರೋಣಗಲ್ಲು. ಫರ್ಲಾಂಗುಗಟ್ಟಲೆ ಹುರುಳಿಬಳ್ಳಿಯನ್ನೂ ರಾಗಿಯನ್ನೂ ಮೊಣಕಾಲೆತ್ತರ ಹರಡಿ, ಅಂಚಿಗೆ ಕಲ್ಲಿಟ್ಟು ಕಾಯುತ್ತಾರೆ. ರಾತ್ರಿ ರಾಶಿಯನ್ನು ಟಾರ್ಪಾಲಿನಿಂದ ಮುಚ್ಚಿ ರಸ್ತೆಯ ಮೇಲೆಯೇ ಬಿಡುತ್ತಾರೆ. ಮಂಜಿನಲ್ಲಿ ಕಪ್ಪು ಟಾರ್ಪಾಲಿಗೂ ಕಪ್ಪು ರಸ್ತೆಗೂ ಭೇದವೆಲ್ಲಿ?

ಬೆಂಕಿಯ ಭಯ ಇನ್ನೂ ದೊಡ್ಡದು. ಒಣಗಿದ ಬಳ್ಳಿ ಗಾಡಿಯ ಅಡಿಯಲ್ಲಿ ಚಕ್ರದ ಅಚ್ಚಿಗೆ ಹಗ್ಗದಂತೆ ಸುತ್ತಿಕೊಳ್ಳುತ್ತದೆ. ಸೈಲೆನ್ಸರಿನ ಕೊಳವೆ ಕೆಂಡದಂತೆ ಕಾದಿರುತ್ತದೆ. ಸುತ್ತಿದ ಬಳ್ಳಿಗೆ ಕಾವು ತಗುಲಿ ಮೊದಲು ಸುಟ್ಟ ವಾಸನೆ, ಆಮೇಲೆ ಹೊಗೆ, ಆಮೇಲೆ ಉರಿ. ಇಂಧನದ ಕೊಳವೆಯೂ ಅದರ ಪಕ್ಕದಲ್ಲಿಯೇ ಹಾದಿರುತ್ತದೆ. ನಮಗೆ ಪರಿಚಿತವಾದ ಒಂದು ಮನೆಯವರು, ಸಂಕ್ರಾಂತಿ ಕಳೆದ ವಾರದಲ್ಲಿ ಹೆಣ್ಣು ನೋಡುವ ಶಾಸ್ತ್ರಕ್ಕೆಂದು ಐದು ಜನ ಒಂದು ಹಳೆಯ ಕಾರಿನಲ್ಲಿ ಅರಕಲಗೂಡಿನ ಕಡೆಗೆ ಹೊರಟಿದ್ದರು. ಹುರುಳಿ ಹರಡಿದ ಮೂರು ಕಣ ದಾಟಿದ್ದಾಯಿತು. ನಾಲ್ಕನೆಯದರಲ್ಲಿ ವಾಸನೆ ಬಂದಿತು. ಹಿಂದೆ ಕುಳಿತಿದ್ದ ಅಜ್ಜಿ "ಏನೋ ಸೀಯ್ತಾ ಇದೆ ಮಗ, ನಿಲ್ಸು" ಎಂದರು. ಹುಡುಗ ಜಾಣ, ಬಳ್ಳಿಯ ಮೇಲೆ ನಿಲ್ಲಿಸಲಿಲ್ಲ. ಬಳ್ಳಿ ಮುಗಿಯುವವರೆಗೆ ನಡೆಸಿ, ಬರಿಯ ಮಣ್ಣಿನ ಮೇಲೆ ನಿಲ್ಲಿಸಿ, ಎಂಜಿನ್ ಆರಿಸಿ, ಮೊದಲು ಅಜ್ಜಿಯನ್ನು ಎಳೆದು ಇಳಿಸಿದ. ಐವರೂ ಇಪ್ಪತ್ತು ಮಾರು ದೂರ ಹೋಗುವಷ್ಟರಲ್ಲಿ ಕಾರು ಹೊತ್ತಿ ಉರಿಯಿತು. ಅದರ ಅಡಿಯಿಂದ ಉದುರಿದ ಕಿಡಿ ಹಿಂದಿನ ಹುರುಳಿಗೂ ಹಿಡಿದು, ಒಬ್ಬ ರೈತನ ವರ್ಷದ ಬೆಳೆಯೂ ಅದರೊಡನೆ ಹೋಯಿತು.

ಆ ಹುಡುಗ ಮಾಡಿದುದರಲ್ಲಿ ಎಲ್ಲ ಚಾಲಕರಿಗೂ ಪಾಠವಿದೆ. ಹೊಗೆ ಕಂಡಾಗ ಗಾಬರಿಯಿಂದ ಬಳ್ಳಿಯ ಮೇಲೆಯೇ ನಿಲ್ಲಿಸಿದ್ದರೆ ಐವರೂ ಉಳಿಯುತ್ತಿದ್ದರೆಂದು ಹೇಳಲಾಗದು. ಬಾನೆಟ್ಟನ್ನು ಒಮ್ಮೆಗೇ ಎತ್ತಿದ್ದರೂ ಗಾಳಿ ಸೇರಿ ಉರಿ ಮುಖಕ್ಕೆ ಬರುತ್ತಿತ್ತು. ಇಂತಹ ರಸ್ತೆಯಲ್ಲಿ ಹೋಗಲೇಬೇಕಾದಾಗ ಒಂದೆರಡು ಕಣ ದಾಟಿದ ಮೇಲೆ ನಿಲ್ಲಿಸಿ, ಬಗ್ಗಿ ನೋಡಿ, ಸುತ್ತಿದ ಬಳ್ಳಿಯನ್ನು ಕುಡುಗೋಲಿನಿಂದಲೋ ಚಾಕುವಿನಿಂದಲೋ ಕತ್ತರಿಸಿ ತೆಗೆಯಬೇಕು. ಸಣ್ಣದೊಂದು ಬೆಂಕಿ ಆರಿಸುವ ಸಿಲಿಂಡರು ಚಾಲಕನ ಕೈಗೆಟಕುವ ಕಡೆ ಇರಬೇಕು, ಡಿಕ್ಕಿಯ ಗಂಟುಮೂಟೆಗಳ ಕೆಳಗಲ್ಲ.

ಈಗ ವಿಮೆಯ ಮಾತು. ಆ ಮನೆಯ ಯಜಮಾನರು ಸುದ್ದಿ ಕೇಳಿ, "ಜೀವ ಉಳಿಯಿತಲ್ಲ, ಕಾರಿಗೆ ಇನ್ಶೂರೆನ್ಸ್ ಇದೆ" ಎಂದು ಸಮಾಧಾನಪಟ್ಟುಕೊಂಡರು. ಕಾಗದವನ್ನು ತೆಗೆದು ಓದಿದಾಗ ತಿಳಿದುದೇನೆಂದರೆ, ಇದ್ದುದು ಥರ್ಡ್ ಪಾರ್ಟಿ ವಿಮೆ ಮಾತ್ರ. ಸುಟ್ಟ ಕಾರಿಗೆ ಅದರಿಂದ ಒಂದು ಕಾಸೂ ಬರಲಿಲ್ಲ. ಕಂತು ಕಟ್ಟಿಸಿಕೊಂಡ ಮಧ್ಯವರ್ತಿ ಈ ಭೇದವನ್ನು ಅವರಿಗೆ ಹೇಳಿರಲಿಲ್ಲ.

ಭೇದ ಕಠಿಣವಾದುದೇನೂ ಅಲ್ಲ. ನಾನು, ನನ್ನ ವಿಮಾ ಸಂಸ್ಥೆ, ಇವರಿಬ್ಬರ ಹೊರಗಿನ ಮೂರನೆಯವನು, ಎಂದರೆ ನನ್ನ ಗಾಡಿಯಿಂದ ಪೆಟ್ಟು ತಿಂದವನು, ಅವನ ಹಿತಕ್ಕಾಗಿ ಮಾಡುವುದು ಥರ್ಡ್ ಪಾರ್ಟಿ ವಿಮೆ. 1988ರ ಮೋಟಾರು ವಾಹನ ಕಾಯಿದೆಯ 146ನೆಯ ಕಲಮಿನಂತೆ ಇದು ಕಡ್ಡಾಯ. ಇದಿಲ್ಲದೆ ವಾಹನ ರಸ್ತೆಗಿಳಿಸಿದರೆ 2019ರ ತಿದ್ದುಪಡಿಯ ಪ್ರಕಾರ ಮೊದಲ ಬಾರಿಗೆ 2,000 ರೂಪಾಯಿ ದಂಡ, ಅಥವಾ ಮೂರು ತಿಂಗಳವರೆಗೆ ಸೆರೆ, ಅಥವಾ ಎರಡೂ. ನನ್ನ ಗಾಡಿಗೇ ಆಗುವ ಹಾನಿಗೆ ಬೇಕಾದುದು ಸ್ವಂತ ಹಾನಿಯ ವಿಮೆ. ಎರಡೂ ಕೂಡಿದ ಪಾಲಿಸಿಗೆ ಸಮಗ್ರ ವಿಮೆ ಎನ್ನುತ್ತಾರೆ. ಪೇಟೆಯಲ್ಲಿ 'ಫುಲ್ ಇನ್ಶೂರೆನ್ಸ್' ಎನ್ನುವುದು ಇದನ್ನೇ. ಬೆಂಕಿ, ಕಳವು, ಪ್ರವಾಹ, ಭೂಕುಸಿತ, ಗಲಭೆ, ಅಪಘಾತ ಇವೆಲ್ಲ ಅದರ ವ್ಯಾಪ್ತಿಯಲ್ಲಿವೆ. ಆಲೂರು ಸಕಲೇಶಪುರಗಳ ಕಡೆ ಕಾಡಾನೆ ಅಡ್ಡಬಂದು ಕಾರನ್ನು ಜಖಂ ಮಾಡಿದರೆ, ಶಿರಾಡಿ ಘಟ್ಟದಲ್ಲಿ ಮಣ್ಣು ಕುಸಿದು ಮೇಲೆ ಬಿದ್ದರೆ ಪರಿಹಾರ ಬರುವುದೂ ಇದರಿಂದಲೇ.

ಇನ್ನೊಂದು ಸಂಗತಿ ಬಹಳ ಜನರಿಗೆ ತಿಳಿಯದು, ತಿಳಿದರೆ ನಂಬರು. ಬರಿಯ ಥರ್ಡ್ ಪಾರ್ಟಿ ಪಾಲಿಸಿ ಇರುವ ಖಾಸಗಿ ಕಾರಿನಲ್ಲಿ ಸುಮ್ಮನೆ ಜೊತೆಗೆ ಬಂದ ನೆಂಟರಿಷ್ಟರು 'ಮೂರನೆಯವರು' ಎನಿಸಿಕೊಳ್ಳುವುದಿಲ್ಲ. ಬೈಕಿನ ಹಿಂದೆ ಕುಳಿತವರ ಸ್ಥಿತಿಯೂ ಅದೇ. ಸರ್ವೋಚ್ಚ ನ್ಯಾಯಾಲಯ ಇದನ್ನು ಹಲವು ತೀರ್ಪುಗಳಲ್ಲಿ ಹೇಳಿದೆ. ಸಮಗ್ರ ಪಾಲಿಸಿಯಿದ್ದರೆ ಒಳಗೆ ಕುಳಿತವರಿಗೂ ರಕ್ಷಣೆ ಉಂಟು. ಅಕ್ಕನನ್ನು ತವರಿಗೆ ಕರೆತರಲು, ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಕಾರಿಟ್ಟುಕೊಂಡಿರುವ ಮನೆಗಳು, ಎರಡು ಮೂರು ಸಾವಿರ ಉಳಿಸುವ ಸಲುವಾಗಿ ಆ ತಾಯಿ ಅಕ್ಕಂದಿರನ್ನೇ ವಿಮೆಯ ಹೊರಗಿಟ್ಟಂತಾಗುವುದು ವಿಪರ್ಯಾಸವಲ್ಲವೆ?

ಟ್ರಾಕ್ಟರಿನ ಟ್ರೈಲರಿನಲ್ಲಿ, ಸಾಮಾನು ಸಾಗಿಸುವ ಟೆಂಪೋದಲ್ಲಿ ದಿಬ್ಬಣ ಹೋಗುವುದಂತೂ ಇನ್ನೂ ದುಃಖದ ವಿಷಯ. ಮಾಘ ಮಾಸದ ಮದುವೆಗಳಿಗೆ, ಸುತ್ತೂರಿನಂತಹ ಜಾತ್ರೆಗಳಿಗೆ ಮೂವತ್ತು ನಲವತ್ತು ಜನ ಹೀಗೆ ಹೊರಡುವುದನ್ನು ಪ್ರತಿವರ್ಷ ಕಾಣುತ್ತೇವೆ. ಸರಕು ವಾಹನದಲ್ಲಿ ಪ್ರಯಾಣಿಕರಾಗಿ ಕುಳಿತವರಿಗೆ ವಿಮಾ ಸಂಸ್ಥೆ ಹೊಣೆಯಲ್ಲ ಎಂಬುದು 2002ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಸ್ಥಿರಪಟ್ಟಿದೆ. ಟ್ರೈಲರು ಮಗುಚಿದರೆ ಪರಿಹಾರದ ಹೊರೆ ಬೀಳುವುದು ಉಪಕಾರಕ್ಕೆಂದು ಟ್ರಾಕ್ಟರು ಕೊಟ್ಟ ರೈತನ ಹೊಲಮನೆಯ ಮೇಲೆ. ಸತ್ತವರ ಮನೆಯೂ ಹಾಳು, ಕೊಟ್ಟವರ ಮನೆಯೂ ಹಾಳು. ಒಂದು ಬಸ್ಸನ್ನು ಬಾಡಿಗೆಗೆ ಮಾಡುವುದು ಮದುವೆಯ ಖರ್ಚಿನಲ್ಲಿ ಎಷ್ಟನೆಯ ಪಾಲು? ಶಾಮಿಯಾನದ ಅಲಂಕಾರಕ್ಕೆ ಅದಕ್ಕಿಂತ ಹೆಚ್ಚು ಸುರಿಯುತ್ತೇವೆ.

ಪಾಲಿಸಿಯ ಕಾಗದದಲ್ಲಿ ನೋಡಬೇಕಾದುವು ಇನ್ನೂ ಕೆಲವುಂಟು. ಐ.ಡಿ.ವಿ. ಎಂದು ಬರೆದಿರುವುದು ವಿಮಾ ಸಂಸ್ಥೆ ಒಪ್ಪಿದ ಕಾರಿನ ಬೆಲೆ. ಕಾರು ಹಳತಾದಂತೆ ಅದು ತಗ್ಗುತ್ತದೆ. ಎರಡು ವರ್ಷ ತುಂಬಿ ಮೂರು ತುಂಬದ ಕಾರಿಗೆ ಶೇಕಡ 30 ಕಳೆಯುವುದು ರೂಢಿ. 6 ಲಕ್ಷದ ಕಾರು ಆಗ 4 ಲಕ್ಷದ 20 ಸಾವಿರದ್ದಾಗುತ್ತದೆ. ಕಂತು ಕಡಿಮೆಯಾಗಲೆಂದು ಈ ಬೆಲೆಯನ್ನು ಇನ್ನೂ ಕುಗ್ಗಿಸಿ ಬರೆಸಿದರೆ, ಕಾರು ಪೂರ್ತಿ ನಾಶವಾದಾಗ ಬರುವುದೂ ಅಷ್ಟೆ. ಬಿಡಿಭಾಗಗಳ ವಿಷಯದಲ್ಲಿ ರಬ್ಬರು, ಪ್ಲಾಸ್ಟಿಕ್, ಟೈರು, ಬ್ಯಾಟರಿಗಳಿಗೆ ಅರ್ಧ ಬೆಲೆ ಮಾತ್ರ ಸಿಕ್ಕುತ್ತದೆ; ಗಾಜಿಗೆ ಕಳೆತವಿಲ್ಲ. ಒಂದು ವರ್ಷ ಪರಿಹಾರ ಕೇಳದಿದ್ದರೆ ಮರುವರ್ಷದ ಸ್ವಂತ ಹಾನಿಯ ಕಂತಿನಲ್ಲಿ ಶೇಕಡ 20 ರಿಯಾಯಿತಿ, ಹಾಗೆಯೇ ಏರುತ್ತ ಐದು ವರ್ಷಕ್ಕೆ ಶೇಕಡ 50. ಆದ್ದರಿಂದ ಗೀರಿಗೆ, ಸಣ್ಣ ತಗ್ಗಿಗೆ ಪರಿಹಾರ ಬೇಡುವುದು ಲಾಭವಲ್ಲ. ಪಾಲಿಸಿ ಮುಗಿದು 90 ದಿನ ಮೀರಿದರೆ ಕೂಡಿಟ್ಟ ರಿಯಾಯಿತಿಯೆಲ್ಲ ಹೋಗುತ್ತದೆ.

ಹಳೆಯ ಕಾರು ಕೊಂಡವರು ಹೆಸರು ಬದಲಾಯಿಸದೆ ವರ್ಷಗಟ್ಟಲೆ ಓಡಿಸುವುದು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ. ಕೊಂಡ 14 ದಿನಗಳೊಳಗೆ ವಿಮೆಯನ್ನು ತಮ್ಮ ಹೆಸರಿಗೆ ವರ್ಗಾಯಿಸಲು ಬರೆದುಕೊಡದಿದ್ದರೆ ಸ್ವಂತ ಹಾನಿಯ ಪರಿಹಾರ ಬರುವುದಿಲ್ಲ. ಮಾರಿದವರೂ ನಿಶ್ಚಿಂತರಲ್ಲ. ಆರ್.ಸಿ. ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರೆಂದು 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಮಾರಿ ಮರೆತ ಕಾರಿನ ಅಪಘಾತಕ್ಕೆ ನ್ಯಾಯಾಲಯದ ನೋಟೀಸು ಬಂದು ಕಂಗಾಲಾದ ಒಬ್ಬ ನಿವೃತ್ತ ಉಪಾಧ್ಯಾಯರನ್ನು ಚನ್ನರಾಯಪಟ್ಟಣದಲ್ಲಿ ಕಂಡಿದ್ದೇನೆ. ಬಿಳಿ ಫಲಕದ ಸ್ವಂತ ಕಾರನ್ನು ಬಾಡಿಗೆಗೆ ಓಡಿಸುವುದು, ಲೈಸೆನ್ಸಿನ ಅವಧಿ ಮುಗಿದ ಮಗನ ಕೈಗೆ ಕೀಲಿಕೈ ಕೊಡುವುದು, ಕುಡಿದು ಓಡಿಸುವುದು ಇವೂ ಪರಿಹಾರಕ್ಕೆ ಎರವಾಗುತ್ತವೆ. ಮಾಲೀಕನೇ ಓಡಿಸುವಾಗ ಸತ್ತರೆ ಅವನ ಸಂಸಾರಕ್ಕೆ 15 ಲಕ್ಷ ರೂಪಾಯಿ ಕೊಡುವ ವೈಯಕ್ತಿಕ ಅಪಘಾತ ವಿಮೆ ಬೇರೆಯೇ ಒಂದು ಸಾಲಿನಲ್ಲಿರುತ್ತದೆ. ಆ ಸಾಲು ಇದೆಯೇ ಎಂದು ಮನೆಯ ಹೆಣ್ಣುಮಕ್ಕಳೇ ಓದಿ ನೋಡಿಕೊಳ್ಳುವುದು ಮೇಲು.

ಶಿವರಾತ್ರಿಯ ಮುಂಚಿನ ದಿನಗಳಲ್ಲಿ ಧರ್ಮಸ್ಥಳಕ್ಕೆ ಕಾಲ್ನಡಿಗೆಯಲ್ಲಿ ಹೊರಟ ಸಾವಿರಾರು ಜನ ಚನ್ನರಾಯಪಟ್ಟಣ ಹಾಸನಗಳನ್ನು ಹಾದು ಹೋಗುತ್ತಾರೆ. ಬಿಸಿಲಿಗೆ ಅಂಜಿ ಬೆಳಗಿನ ಜಾವವೇ ನಡೆಯುತ್ತಾರೆ, ಮಂಜೂ ಆ ಹೊತ್ತಿನದೇ. ಅಂಗಿಗೆ ಹೊಳೆಯುವ ಪಟ್ಟಿ ಅಂಟಿಸಿಕೊಂಡು, ಎದುರು ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ಸಾಲಾಗಿ ನಡೆಯುವುದು ಕ್ಷೇಮ. ಗುದ್ದಿದ ವಾಹನ ಪತ್ತೆಯಾಗದೆ ಹೋದರೂ, 2022ರ ಏಪ್ರಿಲಿನಿಂದ ಜಾರಿಗೆ ಬಂದ ಯೋಜನೆಯಲ್ಲಿ ಸತ್ತವರ ಮನೆಯವರಿಗೆ 2 ಲಕ್ಷ, ತೀವ್ರ ಗಾಯಗೊಂಡವರಿಗೆ 50 ಸಾವಿರ ರೂಪಾಯಿ ಗೊತ್ತುಮಾಡಲಾಗಿದೆ. ಕೇಳುವವರಿಲ್ಲದೆ ಈ ಹಣ ಉಳಿದುಹೋಗುವುದೇ ಹೆಚ್ಚು. ವಾಹನ ಗೊತ್ತಿದ್ದಲ್ಲಿ ನ್ಯಾಯಮಂಡಳಿಗೆ ಹಾಕುವ ಅರ್ಜಿಯನ್ನು ಆರು ತಿಂಗಳೊಳಗೆ ಹಾಕಿಬಿಡುವುದು ಒಳ್ಳೆಯದು.

ಬಿದ್ದವರನ್ನು ಎತ್ತಿದರೆ ಪೊಲೀಸು ಕೋರ್ಟು ಎಂದು ಅಲೆಯಬೇಕಾದೀತೆಂಬ ಅಂಜಿಕೆ ನಮ್ಮ ಜನರಲ್ಲಿ ಇನ್ನೂ ಹೋಗಿಲ್ಲ. ಕಾಯಿದೆಗೆ 2019ರಲ್ಲಿ ಸೇರಿದ 134ಎ ಕಲಮಿನಂತೆ ಸದುದ್ದೇಶದಿಂದ ನೆರವಾದವನ ಮೇಲೆ ಯಾವ ಮೊಕದ್ದಮೆಯೂ ಹೂಡುವಂತಿಲ್ಲ. ಹೆಸರು ಹೇಳೆಂದು ಬಲವಂತ ಮಾಡುವಂತೆಯೂ ಇಲ್ಲ. ನೆಲಮಂಗಲದ ಬಳಿ 2016ರ ಫೆಬ್ರುವರಿಯಲ್ಲಿ ಲಾರಿಗೆ ಸಿಕ್ಕಿ ದೇಹ ತುಂಡಾಗಿದ್ದರೂ, ತನ್ನ ಕಣ್ಣುಗಳನ್ನು ದಾನ ಮಾಡಿರೆಂದು ಹೇಳಿ ಪ್ರಾಣಬಿಟ್ಟ ತರುಣ ಹರೀಶನನ್ನು ಯಾರು ಮರೆಯಬಲ್ಲರು? ಆತನ ಹೆಸರಿನಲ್ಲಿ ಮರುತಿಂಗಳೇ ರಾಜ್ಯ ಸರ್ಕಾರ, ಗಾಯಾಳುಗಳಿಗೆ ಮೊದಲ 48 ಗಂಟೆ 25 ಸಾವಿರ ರೂಪಾಯಿಯವರೆಗೆ ಉಚಿತ ಚಿಕಿತ್ಸೆಯ ಯೋಜನೆ ತಂದಿತು. ಕೇಂದ್ರ ಸರ್ಕಾರವೂ 2025ರ ಮೇ ತಿಂಗಳಿನಲ್ಲಿ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ನಗದುರಹಿತ ಚಿಕಿತ್ಸೆಯನ್ನು ಘೋಷಿಸಿದೆ. 112 ಪೊಲೀಸರ, 108 ಆಂಬುಲೆನ್ಸಿನ, 1033 ರಾಷ್ಟ್ರೀಯ ಹೆದ್ದಾರಿಯ ಸಹಾಯದ ಸಂಖ್ಯೆಗಳು. ಮೊಬೈಲಿನಲ್ಲಿದ್ದರೆ ಸಾಲದು, ಮೊಬೈಲು ಒಡೆದುಹೋದ ಹೊತ್ತಿಗಾಗಿ ಕಾಗದದಲ್ಲಿ ಬರೆದು ಗಾಜಿನ ಮೂಲೆಗೆ ಅಂಟಿಸಿರಬೇಕು.

ಅರಕಲಗೂಡಿನ ಆ ಹುರುಳಿಯ ರೈತನ ಮಾತು ಉಳಿಯಿತು. ಥರ್ಡ್ ಪಾರ್ಟಿ ವಿಮೆಯಲ್ಲಿ ಇತರರ ಆಸ್ತಿಯ ನಷ್ಟಕ್ಕೆ ಏಳೂವರೆ ಲಕ್ಷದವರೆಗೆ ಅವಕಾಶವುಂಟು. ಹಾಗಾದರೆ ಅವನು ಕೇಳಬಹುದಲ್ಲವೆ? ಕೇಳಬಹುದು, ಆದರೆ ಸಾರ್ವಜನಿಕ ರಸ್ತೆಗೆ ಅಡ್ಡಿ ಮಾಡುವುದೇ ಭಾರತೀಯ ನ್ಯಾಯ ಸಂಹಿತೆಯ 285ನೆಯ ಕಲಮಿನಂತೆ 5,000 ರೂಪಾಯಿವರೆಗೆ ದಂಡನೀಯವಾದ ಅಪರಾಧ. ಕಾರಿನವರೂ ಅವನ ಮೇಲೆ ದಾವೆ ಹೂಡಬಹುದಿತ್ತು. ಊರಿನ ಹಿರಿಯರು ಅರಳಿಕಟ್ಟೆಯಲ್ಲಿ ಕೂಡಿದರು. ರೈತನಿಗೆ ಒಂದೂವರೆ ಎಕರೆ ಹೊಲ, ಕಣ ಮಾಡಲು ಅಂಗೈಯಗಲ ಜಾಗವಿಲ್ಲ. ಕಾರಿನ ಯಜಮಾನರು, "ನಿನ್ನದೂ ಸುಟ್ಟಿತು, ನಮ್ಮದೂ ಸುಟ್ಟಿತು. ಹೋಗಲಿ ಬಿಡಪ್ಪ, ಮುಂದಿನ ಸಲ ರಸ್ತೆಗೆ ಹಾಕಬೇಡ" ಎಂದರು. "ಮತ್ತೆಲ್ಲಿ ಹಾಕ್ಲಿ ಯಜಮಾನ್ರೆ?" ಎಂದು ಅವನು ಕೇಳಿದನಂತೆ.

ಅವನ ಪ್ರಶ್ನೆ ನ್ಯಾಯವಾದುದು. ಉದ್ಯೋಗ ಖಾತ್ರಿ ಯೋಜನೆಯ ಹಣದಲ್ಲಿ ಕೆಲವು ಗ್ರಾಮ ಪಂಚಾಯಿತಿಗಳು ಒಕ್ಕಣೆಯ ಕಣಗಳನ್ನು ಕಟ್ಟಿಸಿದ್ದುಂಟು. ಆದರೆ ಹತ್ತು ಮನೆಯವರಿಗೆ ಒಂದು ಕಣವಾದರೆ, ಮಂಜು ಮೋಡಗಳ ನಡುವೆ ಬಿಸಿಲು ಕಾಣುವ ನಾಲ್ಕು ದಿನ ಎಲ್ಲರಿಗೂ ಒಟ್ಟಿಗೇ ಬೇಕಾಗುತ್ತದೆ. ನಮ್ಮ ಸಮುದಾಯ ಭವನಗಳ ಮುಂದೆ, ಮಠಗಳ ಶಾಲೆಗಳ ಹಿಂದೆ ಕಲ್ಲುಹಾಸಿನ ವಿಶಾಲ ಅಂಗಳಗಳಿವೆ. ಪುಷ್ಯಮಾಸದಲ್ಲಿ ಮದುವೆಗಳೂ ಇರುವುದಿಲ್ಲ. ಅವುಗಳನ್ನು ಸರದಿಯಂತೆ ಸುತ್ತಲಿನ ಸಣ್ಣ ರೈತರಿಗೆ ಬಿಟ್ಟುಕೊಡಬಾರದೇಕೆ ಎಂದು ಆಡಳಿತ ಮಂಡಳಿಯವರೊಬ್ಬರನ್ನು ಕಳೆದ ವರ್ಷ ಕೇಳಿದೆ. ಹುಲ್ಲು ಧೂಳಾಗುತ್ತದೆ, ಗುಡಿಸುವವರು ಯಾರು ಎಂದರು. ಗುಡಿಸಲು ರೈತನೇ ಒಪ್ಪಿದ್ದಾನೆಂದು ತಿಳಿಸಿ, ಈ ಮಾರ್ಗಶಿರಕ್ಕೆ ಮುಂಚೆ ಮತ್ತೆ ಕಾಗದ ಬರೆದಿದ್ದೇನೆ.